ದಂಡಿನಿಂದ ಕ್ಯಾಂಟನ್ನಿಗೆ

ಬೆಂಗಳೂರಿನ ಹಳಬರು ಕಂಟೋನ್ಮೆಂಟನ್ನು ‘ದಂಡು’ ಎಂದೇ ಕರೆಯುತ್ತಿದ್ದರು. ರೈಲು ನಿಲ್ದಾಣದ ಹೆಸರಿನಲ್ಲಿ ಆ ಮಾತು ಇನ್ನೂ ಉಳಿದಿದೆ. ಶ್ರೀರಂಗಪಟ್ಟಣದಲ್ಲಿದ್ದ ತಮ್ಮ ಸೇನೆಯನ್ನು ಇಂಗ್ಲಿಷರು 1809ರಲ್ಲಿ ಹಲಸೂರಿನ ಬಳಿ ತಂದು ಇಳಿಸಿದರು. ಅಂದಿನಿಂದ ಬೆಳೆದ ಊರು ಇದು. ದಂಡು ಬಂದ ಕಥೆ ನಮಗೆಲ್ಲ ಗೊತ್ತು. ಆದರೆ ದಂಡೆಂದಮೇಲೆ ಅದು ಎಲ್ಲಿಗಾದರೂ ಹೊರಡಲೇಬೇಕಷ್ಟೆ? ಇನ್‌ಫೆಂಟ್ರಿ ರಸ್ತೆ, ಆರ್ಟಿಲರಿ ರಸ್ತೆ, ಬ್ರಿಗೇಡ್ ರಸ್ತೆ ಎಂದು ದಿನವೂ ಹೇಳುವ ನಾವು, ಆ ಕಾಲಾಳುಗಳೂ ಫಿರಂಗಿಯವರೂ ಇಲ್ಲಿಂದ ಎಲ್ಲಿಗೆ ಹೋದರೆಂದು ಕೇಳುವುದು ಅಪರೂಪ.

ಅವರಲ್ಲಿ ಕೆಲವರು ಹೋದದ್ದು ಚೀನಾ ದೇಶಕ್ಕೆ. ಈಗ ಗುವಾಂಗ್‌ಝೌ ಎಂದು ಹೆಸರಾಗಿರುವ ಮಹಾನಗರವನ್ನು ಐರೋಪ್ಯರು ಕ್ಯಾಂಟನ್ ಎನ್ನುತ್ತಿದ್ದರು. ಗುವಾಂಗ್‌ಡಾಂಗ್ ಎಂಬ ಪ್ರಾಂತದ ಹೆಸರು ಪೋರ್ಚುಗೀಸರ ಬಾಯಲ್ಲಿ ಸವೆದು ಹೀಗಾಯಿತು. ಕಂಟೋನ್ಮೆಂಟ್ ಎಂಬುದಾದರೋ ಫ್ರೆಂಚ್ ಮೂಲದ ಮಾತು. ಪದಗಳೆರಡಕ್ಕೂ ಕಿವಿಗೆ ಕೇಳಿಸುವ ಹೋಲಿಕೆಯ ಹೊರತು ನಂಟಿಲ್ಲ. ಪದಗಳಿಗಿಲ್ಲದ ಆ ನಂಟು ಊರುಗಳಿಗಿದೆ.

ಹಲಸೂರು ಕೆರೆಯ ಮಗ್ಗುಲಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ನೆಲೆಯಿದೆ. 1780ರಲ್ಲಿ ಮದರಾಸಿನಲ್ಲಿ ಹುಟ್ಟಿದ ಈ ಪಡೆ ‘ಮದ್ರಾಸ್ ಸ್ಯಾಪರ್ಸ್’ ಎಂದು ಹೆಸರಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬೆಂಗಳೂರಿಗೆ ಬಂದು ನೆಲೆನಿಂತಿತು. ದಾರಿ ಕಡಿಯುವುದು, ಸೇತುವೆ ಕಟ್ಟುವುದು, ಕೋಟೆಯ ಬಾಗಿಲು ಸಿಡಿಸುವುದು ಸ್ಯಾಪರರ ಕಸುಬು. ಅವರು ಗಳಿಸಿದ ಯುದ್ಧ ಗೌರವಗಳ ಪಟ್ಟಿಯಲ್ಲಿ ‘ಚೀನಾ’, ‘ಟಾಕು ಕೋಟೆಗಳು’, ‘ಪೀಕಿಂಗ್ 1860’ ಎಂಬ ಹೆಸರುಗಳಿವೆ. ಇವುಗಳಲ್ಲಿ ಮೊದಲನೆಯದು ಅಫೀಮಿನ ಮೊದಲ ಯುದ್ಧದ ಗಳಿಕೆ.

ಆ ಯುದ್ಧಕ್ಕೆ ಕಾರಣವಾದ ಅಫೀಮು ಬೆಳೆದದ್ದು ನಮ್ಮ ನೆಲದಲ್ಲಿ. ಕಲ್ಕತ್ತೆಯಲ್ಲಿ ಕಂಪನಿ ಹರಾಜು ಹಾಕಿದ್ದನ್ನೂ ಮಾಳವದಿಂದ ಮುಂಬಯಿಗೆ ಬಂದದ್ದನ್ನೂ ವರ್ತಕರು ಚೀನಾಕ್ಕೆ ಕಳ್ಳಸಾಗಣೆ ಮಾಡುತ್ತಿದ್ದರು. 1839ರ ಜೂನ್ ತಿಂಗಳಲ್ಲಿ ಚೀನೀ ಅಧಿಕಾರಿ ಲಿನ್ ಝೆಶು 20,000ಕ್ಕೂ ಹೆಚ್ಚು ಪೆಟ್ಟಿಗೆಗಳ ಅಫೀಮನ್ನು ಹಿಡಿದು ನಾಶಮಾಡಿಸಿದ. ಅದರ ಸೇಡಿಗೆ ಹಡಗುಗಳು ಹೊರಟವು; ಹಡಗುಗಳಲ್ಲಿ ಮದರಾಸು ಸೇನೆಯ ಸಿಪಾಯಿಗಳೂ ಸ್ಯಾಪರರೂ ಇದ್ದರು. ಸರಕೂ ನಮ್ಮದು, ಅದನ್ನು ಕೊಳ್ಳೆಂದು ಬಾಗಿಲು ಬಡಿದ ಕೈಗಳಲ್ಲಿ ಕೆಲವು ನಮ್ಮವು. ಲಾಭವೊಂದು ಮಾತ್ರ ನಮ್ಮದಲ್ಲ.

ಕನ್ನಡ ಪಾಠ ಹೇಳುವ ನಾನು ಈ ನಂಟನ್ನು ಅರಸಿಕೊಂಡು ಗುವಾಂಗ್‌ಝೌ ನಗರದಲ್ಲಿ ಒಂದು ದಿನ ಒಬ್ಬನೇ ತಿರುಗಾಡಿದ್ದೇನೆ. ಬೆಳಗ್ಗೆ ಮೊದಲು ಹತ್ತಿದ್ದು ಯುವೆಶಿಯು ಗುಡ್ಡವನ್ನು. ಅದರ ಮೇಲೆ 1380ರಲ್ಲಿ ಮೊದಲು ಕಟ್ಟಿದ, ಆಮೇಲೆ ಹಲವು ಸಲ ಜೀರ್ಣೋದ್ಧಾರ ಕಂಡ ಐದಂತಸ್ತಿನ ಕೆಂಪು ಗೋಪುರವಿದೆ. ಝೆನ್‌ಹಾಯ್ ಎಂದು ಅದರ ಹೆಸರು. ಪಕ್ಕದಲ್ಲಿ ಹಳೆಯ ಕೋಟೆಗೋಡೆಯ ತುಂಡೊಂದು ಆಲದ ಬೇರುಗಳಿಗೆ ಸಿಕ್ಕಿ ನಿಂತಿದೆ. 1841ರ ಮೇ 25ರಂದು ಸರ್ ಹ್ಯೂ ಗಾಫನ ಸೇನೆ ಈ ಗೋಡೆಯ ಹೊರಗಿನ ದಿಬ್ಬಗಳ ಮೇಲಿದ್ದ ನಾಲ್ಕು ಕೋಟೆಗಳನ್ನು ಹಿಡಿಯಿತು. ನಗರವೆಲ್ಲ ಕಾಲ ಕೆಳಗೆ ಹರಡಿತ್ತು. ಆದರೆ 60 ಲಕ್ಷ ಡಾಲರು ಕಪ್ಪ ಒಪ್ಪಿಕೊಂಡದ್ದರಿಂದ ಸೇನೆ ನಗರವನ್ನು ಹೊಗದೆ ಹಿಂತಿರುಗಿತು. ನನಗಿಂತ ಮುಂಚೆ ಬಂದ ದಂಡಿನವರು ಕ್ಯಾಂಟನ್ನನ್ನು ನೋಡಿದ್ದು ಹೀಗೆ, ಹೊರಗಿನ ದಿಬ್ಬದ ಮೇಲಿಂದ.

ಅಲ್ಲಿಂದ ಮೆಟ್ರೋ ರೈಲಿನಲ್ಲಿ ಎರಡನೆಯ ನಿಲ್ದಾಣವೇ ಸಾನ್‌ಯುವಾನ್‌ಲಿ. ಆಗ ಅದು ಹಳ್ಳಿ. ಆ ಮೇ ತಿಂಗಳ ಕೊನೆಯಲ್ಲಿ ಸುತ್ತಣ ರೈತರು ಈಟಿ ಗುದ್ದಲಿಗಳನ್ನು ಹಿಡಿದು ಸೇನೆಯ ಮೇಲೆ ಎದ್ದರು. ಜಡಿಮಳೆ ಸುರಿಯಿತು. 37ನೆಯ ಮದರಾಸು ಪದಾತಿ ಪಡೆಯ ಒಂದು ತುಕಡಿ ಗದ್ದೆಗಳ ನಡುವೆ ಒಂಟಿಯಾಯಿತು. ಸಿಪಾಯಿಗಳ ಚಕಮಕಿ ಬಂದೂಕುಗಳು ನೆನೆದು ಹಾರಲಿಲ್ಲ. ಹೊಸಬಗೆಯ ಬಂದೂಕು ಹಿಡಿದ ನೌಕಾಪಡೆಯ ಸೈನಿಕರು ಬಂದು ಬಿಡಿಸಿಕೊಳ್ಳುವವರೆಗೆ ಬಯೊನೆಟ್ಟೇ ಗತಿಯಾಯಿತು. ಇಂಗ್ಲಿಷರ ಚರಿತ್ರೆಯಲ್ಲಿ ಇದು ಚಿಕ್ಕದೊಂದು ಚಕಮಕಿ. ಚೀನೀ ಮಕ್ಕಳಿಗೆ ದೇಶದ ಜನ ಪರಕೀಯರಿಗೆ ಎದುರುನಿಂತ ದೊಡ್ಡ ಪಾಠ. ಹಳ್ಳಿಗರು ಸೇರಿ ಆಣೆಯಿಟ್ಟರೆಂಬ ಹಳೆಯ ಗುಡಿಯೇ ಈಗ ಅದರ ಸ್ಮಾರಕ. ಬಾಗಿಲಲ್ಲಿ ಕುಳಿತಿದ್ದ ಮುದುಕಿ ಯಾವ ದೇಶವೆಂದು ಸನ್ನೆಯಲ್ಲಿ ಕೇಳಿದಳು. ‘ಯಿಂದು’ ಎಂದೆ. ನಕ್ಕು, ಒಳಗೆ ಹೋಗೆಂದು ಕೈತೋರಿದಳು. ಒಳಗಿನ ಕಥೆಯಲ್ಲಿ ಶತ್ರುವಿನ ಸಾಲಿನಲ್ಲಿ ನಿಂತವರು ನಮ್ಮ ದಕ್ಷಿಣದ ಮನೆಗಳ ಮಕ್ಕಳು.

ಮಧ್ಯಾಹ್ನ ಶಾಮಿಯಾನ್ ದ್ವೀಪಕ್ಕೆ ಹೋದೆ. ಎರಡನೆಯ ಯುದ್ಧದಲ್ಲಿ ನಗರವನ್ನು ಹಿಡಿದ ಇಂಗ್ಲಿಷರೂ ಫ್ರೆಂಚರೂ 1859ರಿಂದ ನದಿಯ ಮರಳುದಿಬ್ಬವೊಂದನ್ನು ಕಟ್ಟಿ ಹಂಚಿಕೊಂಡ ನೆಲ ಅದು. ಐದರಲ್ಲಿ ನಾಲ್ಕು ಪಾಲು ಇಂಗ್ಲಿಷರಿಗೆ, ಒಂದು ಫ್ರೆಂಚರಿಗೆ. ಕಂಬಸಾಲಿನ ಮೊಗಸಾಲೆಗಳು, ದೊಡ್ಡ ಮರಗಳ ನೆರಳು, ಚರ್ಚು. ಕಬ್ಬನ್ ರಸ್ತೆಯಲ್ಲಿ ನಡೆದವನಿಗೆ ಹೊಸದೆನಿಸದು. ನಗರಕ್ಕೂ ದ್ವೀಪಕ್ಕೂ ನಡುವೆ ಒಂದು ಕಾಲುವೆ. ಅದರ ಸೇತುವೆಗಳು ರಾತ್ರಿ ಚೀನೀಯರಿಗೆ ಮುಚ್ಚುತ್ತಿದ್ದವು. ನಮ್ಮಲ್ಲಿ ಕಾಲುವೆ ಇರಲಿಲ್ಲ, ಆದರೂ ಗಡಿಯಿತ್ತು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗ ದಂಡಿನ ಪ್ರದೇಶ ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟನ ಕೈಯಲ್ಲಿ ಉಳಿಯಿತು. ಅದು ಮೈಸೂರಿಗೆ ಹಿಂತಿರುಗಿದ್ದು 1947ರಲ್ಲಿ. ಪೇಟೆಯೊಡನೆ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ.

ಹಾಗಾದರೆ ಆ ಸ್ಯಾಪರನನ್ನು ನಾವು ಏನೆಂದು ಕರೆಯಬೇಕು? ವೀರನೆಂದೆ? ದಾಳಿಕೋರನೆಂದೆ? ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತಿದೆ: ಅನ್ನವಿಕ್ಕಿದ ಒಡೆಯನ ಋಣವನ್ನು ಪ್ರಾಣಕೊಟ್ಟು ತೀರಿಸುವುದು. ಸ್ಯಾಪರನು ತೀರಿಸಿದ್ದೂ ಅದನ್ನೇ. ಆದರೆ ಒಡೆಯನ ಕಾರ್ಯ ಕೆಟ್ಟದ್ದಾದಾಗ ಆಳಿನ ನಿಷ್ಠೆ ಅದನ್ನು ಒಳ್ಳೆಯದು ಮಾಡಲಾರದು. ಕಾರ್ಯ ಕೆಟ್ಟದ್ದೆಂದು ಆಳಿನ ಧೈರ್ಯ ಸುಳ್ಳೂ ಆಗದು. ಗುವಾಂಗ್‌ಝೌ ಒಂದು ಮಾತನ್ನು ನೆನೆಯುತ್ತದೆ, ಹಲಸೂರು ಇನ್ನೊಂದನ್ನು. ಎರಡನ್ನೂ ಕೂಡಿಸಿ ಓದಿದರೇ ಚರಿತ್ರೆ.

ಇನ್ನೂ ಒಂದು ಮಾತಿದೆ. ಮದ್ರಾಸ್ ಎಂಜಿನಿಯರ್ಸ್ ಪಡೆಯ ಲೆಫ್ಟಿನೆಂಟ್ ಜಾನ್ ಆಕ್ಟರ್‌ಲೋನಿ ಈ ಯುದ್ಧವನ್ನು ಕುರಿತು 1844ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದ. ಅವನ ಹೆಸರು ಉಳಿಯಿತು. ದಂಡಿನಿಂದ ಬಹು ದೂರವಲ್ಲದ ಹೆಬ್ಬಾಳದಲ್ಲಿ, ಎಂಟನೆಯ ಶತಮಾನದಲ್ಲಿ ಕಾದಿ ಮಡಿದ ಕಿತ್ತಯ್ಯನೆಂಬವನ ವೀರಗಲ್ಲು ಸಿಕ್ಕಿದೆ. ಅವನ ಹೆಸರನ್ನು ಕನ್ನಡದಲ್ಲಿ ಕಲ್ಲಿನ ಮೇಲೆ ಕೊರೆದಿದ್ದಾರೆ. ಸಮುದ್ರ ದಾಟಿ ಕಾದಿದ ಸ್ಯಾಪರನಿಗೆ ಪಟ್ಟಿಯಲ್ಲಿ ಉಳಿದದ್ದು ತನ್ನ ಹೆಸರಲ್ಲ, ‘ಚೀನಾ’ ಎಂಬ ಪರದೇಶದ ಹೆಸರು.