ಅಕ್ಕೋಳದ ‘ಕ್ಕೋ’: ಫಾಂಟಿನೊಳಗಿನ ವಿಸ್ತರಣಾ ಆಜ್ಞೆಗಳ ಒಂದು ಚರಿತ್ರೆ

ನಿಪ್ಪಾಣಿ ತಾಲ್ಲೂಕಿನ ಅಕ್ಕೋಳದ ಹೆಸರಿನಲ್ಲಿ ಮೂರೇ ಅಕ್ಷರಗಳಿವೆ. ಮದುವೆ ಪತ್ರಿಕೆಯ ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಮರಾಠಿ ಜೋಡಿಸಿಕೊಡುವ ಗಡಿಭಾಗದ ಡಿಟಿಪಿ ಅಂಗಡಿಯವರಿಗೆ ಆ ಹೆಸರು ಹೊಸದೇನಲ್ಲ. ಆದರೂ ನಡುವಿನ ‘ಕ್ಕೋ’ ಸಣ್ಣ ಪರೀಕ್ಷೆಯೇ. ಅದರಲ್ಲಿ ‘ಕ’ಕಾರದ ದೇಹ, ಎತ್ವ, ಓತ್ವದ ಸುಳಿ, ಒತ್ತು, ದೀರ್ಘ ಎಂದು ಐದು ಚೂರುಗಳಿವೆ. 1980 ಮತ್ತು 90ರ ದಶಕಗಳ ಫಾಂಟ್ ತಂತ್ರಜ್ಞಾನ ಈ ಐದು ಚೂರುಗಳನ್ನು ಒಂದು ಅಕ್ಷರವಾಗಿ ಕಟ್ಟಬಲ್ಲದಾಗಿತ್ತೇ ಎಂಬುದು ಇಲ್ಲಿನ ಪ್ರಶ್ನೆ. ‘ಒಂದು ಬೈಟಿನ ಸಂಕೇತಕ್ಕೆ 256 ಸ್ಥಾನಗಳ ಮಿತಿ ಇತ್ತು, ಆದ್ದರಿಂದ ಆಗಲಿಲ್ಲ’ ಎಂಬುದು ರೂಢಿಯ ಉತ್ತರ. ಅದು ಅರ್ಧ ಮಾತ್ರ ನಿಜ ಎಂದು ನನ್ನ ಅಭಿಪ್ರಾಯ. ಉಳಿದ ಅರ್ಧ ಫಾಂಟಿನ ಒಳಗಿದ್ದ ಭಾಷೆಯಲ್ಲಿ ಅಡಗಿದೆ.

ಆ ಭಾಷೆ ಸ್ಟ್ಯಾಕ್ ಜಾತಿಯದು. ಬುಟ್ಟಿಯಲ್ಲಿ ಒಟ್ಟಿದ ರೊಟ್ಟಿಗಳಲ್ಲಿ ಕೊನೆಗೆ ಇಟ್ಟದ್ದೇ ಮೊದಲು ಕೈಗೆ ಬರುವಂತೆ, ಇಲ್ಲಿ ಸಂಖ್ಯೆಗಳನ್ನು ಮೊದಲು ಒಟ್ಟುತ್ತಾರೆ, ಆಮೇಲೆ ಆಜ್ಞೆ ಹೇಳುತ್ತಾರೆ. ಇಂಗ್ಲಿಷಿನವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ‘ಐದು, ಮೂರು, ಕೂಡಿಸು’ ಎಂದು ಕ್ರಿಯಾಪದವನ್ನು ಕೊನೆಗೇ ಇಡುವ ನಮಗೆ ಅದರಲ್ಲಿ ವಿಚಿತ್ರವೇನೂ ಇಲ್ಲ. ಈ ಜಾತಿಯ ಭಾಷೆಗಳಲ್ಲಿ ಹಿರಿಯದು ಚಾರ್ಲ್ಸ್ ಮೂರ್ 1970ರ ಸುಮಾರಿಗೆ ರೂಪಿಸಿದ ಫೋರ್ತ್. ಅದರಲ್ಲಿ ಬಳಕೆದಾರ ಕಟ್ಟಿದ ಹೊಸ ಪದಕ್ಕೂ ಹುಟ್ಟಿನಿಂದ ಇದ್ದ ಪದಕ್ಕೂ ಒಂದೇ ಮರ್ಯಾದೆ. 1994ರ ಅಮೆರಿಕನ್ ಮಾನಕವು ಕೆಲವು ಪದಗಳನ್ನು ‘ವಿಸ್ತರಣೆ’ ಎಂದು ಬೇರೆ ಗುಂಪಿಗೆ ಹಾಕಿತು ನಿಜ. ಆದರೆ ಅದು ಕಡ್ಡಾಯ ಯಾವುದು, ಐಚ್ಛಿಕ ಯಾವುದು ಎಂಬ ವಿಂಗಡಣೆ ಅಷ್ಟೆ. ಹೊಸ ಪದ ಕಟ್ಟುವವನಿಗೆ ಅಲ್ಲಿ ಬಾಗಿಲು ಮುಚ್ಚಲಿಲ್ಲ.

ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ 1984ರಲ್ಲಿ ಬಂತು. ಮರುವರ್ಷ ಆ್ಯಪಲ್‌ನ ಲೇಸರ್‌ರೈಟರ್ ಮುದ್ರಕದಲ್ಲಿ ಜನರ ಕೈಗೆ ಸಿಕ್ಕಿತು. ಅದೂ ಸ್ಟ್ಯಾಕ್ ಭಾಷೆ, ಅದರಲ್ಲೂ ಹೊಸ ಹೆಸರಿನ ವಿಧಿಗಳನ್ನು ಧಾರಾಳವಾಗಿ ಕಟ್ಟಬಹುದು. ಆದರೆ ಅಕ್ಷರದ ಗೆರೆಗಳನ್ನು ಬರೆಯುತ್ತಿದ್ದುದು ಅದರ ಹೊಟ್ಟೆಯೊಳಗಿನ ಇನ್ನೊಂದು ಪುಟ್ಟ ಭಾಷೆ: ಟೈಪ್ ಒನ್ ಫಾಂಟುಗಳ ಚಾರ್‌ಸ್ಟ್ರಿಂಗ್. ಅಲ್ಲಿನ ಸ್ಟ್ಯಾಕಿಗೆ 24 ಸಂಖ್ಯೆಗಳ ಮಿತಿ. ಅಕ್ಷರದ ರೂಪವನ್ನು ಗೂಢಲಿಪಿಯಲ್ಲಿ ಅಡಗಿಸಿಡುತ್ತಿದ್ದರು. 1989ರಲ್ಲಿ ಆ್ಯಪಲ್ ಮತ್ತು ಮೈಕ್ರೋಸಾಫ್ಟ್ ಟ್ರೂಟೈಪ್ ಎಂಬ ಎದುರಾಳಿ ಫಾಂಟ್ ಪದ್ಧತಿಯ ಬೆನ್ನಿಗೆ ನಿಂತವು. ಆ ಒತ್ತಡಕ್ಕೆ ಮಣಿದು ಅಡೋಬಿ 1990ರಲ್ಲಿ ಟೈಪ್ ಒನ್ ವಿವರಣೆಯನ್ನು ಪುಸ್ತಕವಾಗಿ ಪ್ರಕಟಿಸಿತು.

ಈ ಪುಟ್ಟ ಭಾಷೆಯ ವಿಸ್ತರಣೆಯ ಕಥೆ 12 ಎಂಬ ಒಂದು ಸಂಖ್ಯೆಯಲ್ಲಿದೆ. ಒಂದು ಬೈಟಿನ ಬೆಲೆ 0ಯಿಂದ 31ರವರೆಗೆ ಇದ್ದರೆ ಅದು ಆಜ್ಞೆ; 32ರಿಂದ ಮುಂದಿನದು ಸಂಖ್ಯೆ. ಮೂವತ್ತೆರಡೇ ಆಜ್ಞೆಗಳಲ್ಲಿ ಸಂಸಾರ ಸಾಗದು. ಹಾಗಾಗಿ 12ನ್ನು ಬಾಗಿಲಾಗಿ ಇಟ್ಟುಕೊಂಡರು: 12 ಬಂದರೆ ಅದರ ಮುಂದಿನ ಬೈಟನ್ನೂ ಓದಿ ಎರಡನೆಯ ಪಟ್ಟಿಯಿಂದ ಆಜ್ಞೆ ಆರಿಸಬೇಕು. ಆ ಪಟ್ಟಿಯಲ್ಲಿ 6ನೆಯದು ‘ಸೀಯಾಕ್’. ಒಂದು ಮೂಲಾಕ್ಷರದ ಮೇಲೆ ಒಂದು ಚಿಹ್ನೆಯನ್ನು ಕೂರಿಸುವುದು ಅದರ ಕೆಲಸ. ಐದು ಸಂಖ್ಯೆ ಒಟ್ಟಿ ಈ ಆಜ್ಞೆ ಕೊಟ್ಟರೆ ಫ್ರೆಂಚರ, ಜರ್ಮನರ ಚಿಹ್ನೆಸಹಿತ ಅಕ್ಷರಗಳು ಮತ್ತೆ ಗೆರೆ ಎಳೆಯದೆಯೇ ಸಿದ್ಧ.

ಕನ್ನಡದ ಒತ್ತಕ್ಷರಕ್ಕೆ ಇದಕ್ಕಿಂತ ಹತ್ತಿರದ ನೆಂಟ ಬೇರೆ ಇರಲಿಲ್ಲ. ಆದರೆ ಸೀಯಾಕ್ ತನ್ನ ಎರಡೂ ಭಾಗಗಳನ್ನು ಅಡೋಬಿಯ ಪ್ರಮಾಣ ಸಂಕೇತಪಟ್ಟಿಯ 149 ಲ್ಯಾಟಿನ್ ಅಕ್ಷರಗಳಿಂದಲೇ ಹೆಕ್ಕುತ್ತಿತ್ತು. ಒತ್ತಿಗೆ ಲ್ಯಾಟಿನ್ ಚಿಹ್ನೆಯೊಂದರ ಹೆಸರಿಟ್ಟು, ‘ಕ’ಕಾರವನ್ನು ಇಂಗ್ಲಿಷ್ ಅಕ್ಷರವೆಂದು ನಂಬಿಸಿ ಆ ಅಡ್ಡಿಯನ್ನು ದಾಟಬಹುದಿತ್ತು, ಅಂಥ ಸುಳ್ಳು ಹೆಸರು ಆ ಕಾಲದ ಫಾಂಟುಗಳಿಗೆ ಹೊಸದಲ್ಲ. ದಾಟಲಾಗದ್ದು ಎರಡನೆಯ ಅಡ್ಡಿ. ಸೀಯಾಕ್ ಅಕ್ಷರದ ಕೊನೆಯ ಆಜ್ಞೆ. ಎರಡು ಚೂರು ಕೂಡಿಸಿದರೆ ಕಥೆ ಮುಗಿಯಿತು, ಮೂರನೆಯದಕ್ಕೆ ಎಡೆಯಿಲ್ಲ. ‘ಕ್ಕೋ’ಗೆ ಐದು ಬೇಕು. ಲ್ಯಾಟಿನ್ ಲಿಪಿಯ ಅಳತೆಯಲ್ಲಿ ಹೊಲಿದ ಅಂಗಿಯಿದು, ಕನ್ನಡಕ್ಕೆ ತೋಳೇ ಸಾಲಲಿಲ್ಲ.

12ರ ಹಿಂದೆಯೇ ಇದ್ದ ಇನ್ನೊಂದು ಆಜ್ಞೆಯ ಸಂಖ್ಯೆ 16. ಫಾಂಟಿನೊಳಗೆ ಪೋಸ್ಟ್‌ಸ್ಕ್ರಿಪ್ಟಿನಲ್ಲಿ ಬರೆದಿಟ್ಟ ‘ಇತರ ಉಪವಿಧಿ’ಗಳನ್ನು ಅದು ಕರೆಯುತ್ತಿತ್ತು. ಭಾಷೆಯ ನಿಜವಾದ ವಿಸ್ತರಣೆಯ ದಾರಿ ಇದೇ. ತೀರ ಆಳವಿಲ್ಲದ ವಕ್ರರೇಖೆಯನ್ನು ಸಣ್ಣ ಅಳತೆಯಲ್ಲಿ ನೇರಗೆರೆಯಾಗಿಸುವ ಫ್ಲೆಕ್ಸ್‌ಗೆ 0, 1, 2ನೆಯ ಸ್ಥಾನಗಳು. ಗೆರೆಗಳ ಸೂಚನೆಯನ್ನು ನಡುವೆ ಬದಲಿಸಲು 3ನೆಯದು. 12 ಮತ್ತು 13ನೆಯ ಸ್ಥಾನಗಳು ಮುಂದೆ ಚೀನಿ, ಜಪಾನಿ ಅಕ್ಷರಗಳಂಥ ದಟ್ಟ ರೂಪಗಳ ಒಳಬಯಲನ್ನು ಸರಿದೂಗಿಸುವುದಕ್ಕೆ ಮೀಸಲಾದವು. ಈ ಸಂಖ್ಯೆಗಳನ್ನು ಹಂಚುತ್ತಿದ್ದವರು ಅಡೋಬಿಯವರೇ. ಪೂರ್ವ ಏಷ್ಯಾದ ಮಾರುಕಟ್ಟೆಗೆ ಜಾಗ ಸಿಕ್ಕಿತು. ಕನ್ನಡಕ್ಕೆಂದು ಒಂದು ಸಂಖ್ಯೆಯೂ ಇರಲಿಲ್ಲ, ಕೇಳುವ ದೊಡ್ಡ ಗಿರಾಕಿಯೂ ಇರಲಿಲ್ಲ.

ಪೋಸ್ಟ್‌ಸ್ಕ್ರಿಪ್ಟಿನ ಎರಡನೆಯ ಹಂತ ‘ಗ್ಲಿಫ್‌ಶೋ’ ಎಂಬ ಆಜ್ಞೆಯನ್ನು ತಂದಿತು. ಸಂಕೇತಸಂಖ್ಯೆಯ ಹಂಗಿಲ್ಲದೆ ಹೆಸರು ಹೇಳಿ ಅಕ್ಷರ ಮೂಡಿಸುವ ಆಜ್ಞೆ ಅದು. ಅಂದರೆ 256ರ ಗೋಡೆಯಲ್ಲೂ ಕಿಂಡಿಯಿತ್ತು! ಪುಟ ಜೋಡಿಸುವ ತಂತ್ರಾಂಶಗಳು ಮಾತ್ರ ಮುದ್ರಕಕ್ಕೆ ಒಂದು ಬೈಟಿನ ಸಂಕೇತಗಳನ್ನೇ ಕಳಿಸುತ್ತ ಹೋದವು.

ಫಾಂಟಿನ ಭಾಷೆ ಮಾಡದ ಕೆಲಸವನ್ನು ಕೀಲಿಮಣೆ ಮಾಡಿತು. ಕೆ.ಪಿ. ರಾವ್ ಅವರ ವಿನ್ಯಾಸ ಮುಂದೆ ರಾಜ್ಯದ ಅಧಿಕೃತ ಕೀಲಿಮಣೆಯ ತಳಹದಿಯಾಯಿತು. ಅದರಲ್ಲಿ ‘ಅಕ್ಕೋಳ’ಕ್ಕೆ ಆರು ಸಲ ಕೀಲಿ ಒತ್ತಿದರೆ ಸಾಕು, ‘ಎಫ್’ ಕೀಲಿ ಎರಡು ‘ಕ’ಕಾರಗಳನ್ನು ಬೆಸೆಯುತ್ತದೆ. ಆ ಆರನ್ನು ನುಡಿ ಎಂಬ ಕನ್ನಡ ತಂತ್ರಾಂಶ ಎಂಟು ಚೂರುಗಳಾಗಿ ಒಡೆದು ಪುಟದ ಮೇಲೆ ಸಾಲಾಗಿ ಇಡುತ್ತಿತ್ತು. ಎಡಬದಿಯ ಅಂತರವನ್ನು ಋಣಸಂಖ್ಯೆ ಮಾಡಿದರೆ ಚೂರೊಂದು ಹಿಂದಕ್ಕೆ ಸರಿದು ಮುಂಚಿನದರ ಕೆಳಗೆ ಕೂರುತ್ತದೆ. ವಿಸ್ತರಣಾ ಆಜ್ಞೆಯ ಜಾಗದಲ್ಲಿ ನಮ್ಮವರಿಗೆ ದಕ್ಕಿದ ಉಪಾಯ ಇದು.

ನುಡಿಯ ಫಾಂಟುಗಳು ಟ್ರೂಟೈಪ್‌ನವು. ಅಲ್ಲೂ ಸ್ಟ್ಯಾಕ್ ಭಾಷೆಯಿದೆ, ‘ಐಡೆಫ್’ ಎಂಬ ಆಜ್ಞೆಯಿಂದ ಫಾಂಟು ತಾನೇ ಹೊಸ ಆಜ್ಞೆ ಹುಟ್ಟಿಸಬಹುದು, ಎಷ್ಟು ಚೂರುಗಳನ್ನಾದರೂ ಕೂಡಿಸಿ ಒಂದು ರೂಪ ಮಾಡಬಹುದು. ಸಂಕೇತದ ಪದ್ಧತಿ ಮಾತ್ರ ಹಳೆಯದೇ ಉಳಿಯಿತು. 256ರ ಮಿತಿ ನಿಜವಾಗಿ ಕಾಡಿದ್ದು ಇಲ್ಲಿ.

ಯೂನಿಕೋಡ್ ಬಂದ ಮೇಲೆ ‘ಅಕ್ಕೋಳ’ ಆರು ಸಂಕೇತಗಳಾಯಿತು, ಕೀಲಿ ಒತ್ತಿದಷ್ಟೇ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ತುಂಗಾ ಫಾಂಟಿನಲ್ಲಿ ಒತ್ತು ಕೂರಿಸುವ ಹೊಣೆ ಓಪನ್‌ಟೈಪ್ ಕೋಷ್ಟಕಗಳಿಗೆ ಹೋಯಿತು. ಆ ಕೋಷ್ಟಕಗಳಲ್ಲಿ ಸ್ಟ್ಯಾಕೂ ಇಲ್ಲ, ಆಜ್ಞೆಯೂ ಇಲ್ಲ. ಇತ್ತ ಚಾರ್‌ಸ್ಟ್ರಿಂಗ್ ಭಾಷೆಯ ಎರಡನೆಯ ಆವೃತ್ತಿ 12ರ ಬಾಗಿಲಿನಿಂದ ಕೂಡು, ಕಳೆ, ಗುಣಿಸು, ‘ಹೀಗಿದ್ದರೆ ಹಾಗೆ’ ಎಂಬ ಆಜ್ಞೆಗಳನ್ನೆಲ್ಲ ಒಳಗೆ ಕರೆದುಕೊಂಡಿತ್ತು. 2016ರ ಓಪನ್‌ಟೈಪ್ ಪರಿಷ್ಕರಣೆ ಅವನ್ನು ಮತ್ತೆ ಹೊರಗೆ ಹಾಕಿತು. 2023ರ ಜನವರಿಗೆ ಅಡೋಬಿ ತನ್ನ ತಂತ್ರಾಂಶಗಳಲ್ಲಿ ಟೈಪ್ ಒನ್ ಬಳಕೆಯನ್ನೇ ನಿಲ್ಲಿಸಿತು.

ಹಳೆಯ ನುಡಿ ಕಡತವನ್ನು ಆ ಫಾಂಟಿಲ್ಲದ ಗಣಕದಲ್ಲಿ ಇಂದು ತೆರೆದರೆ ಅಕ್ಕೋಳದ ‘ಅ’ ಇಂಗ್ಲಿಷಿನ ಸಿ ಆಗಿ, ‘ಕ’ಕಾರದ ದೇಹ ಪಿ ಆಗಿ ಕಾಣುತ್ತದೆ. ಉಳಿದ ಆರು ಚೂರುಗಳು ಯುರೋಪಿನ ಚಿಹ್ನೆಸಹಿತ ಅಕ್ಷರಗಳ, ಭಿನ್ನರಾಶಿಯ ವೇಷದಲ್ಲಿ ಸಾಲಾಗಿ ನಿಂತಿರುತ್ತವೆ.