ಮನೆ ಬಿಟ್ಟು ಹೋಗದ ಕೀಲಿ

1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೊಂಚುಹಾಕಿ ಪಾಸ್‌ವರ್ಡ್‌ಗಳನ್ನು ಕದ್ದರು. ಕಷ್ಟವೇನಿರಲಿಲ್ಲ, ಟೆಲ್‌ನೆಟ್, ಎಫ್‌ಟಿಪಿಗಳಲ್ಲಿ ಪಾಸ್‌ವರ್ಡ್ ಅಂಚೆ ಕಾರ್ಡಿನ ಒಕ್ಕಣೆಯಂತೆ ತೆರೆದೇ ಸಾಗುತ್ತಿತ್ತು. ಅಲ್ಲಿನ ಸಂಶೋಧಕ ತಾತು ಯುಲೋನೆನ್ ಅದೇ ವರ್ಷ ಎಸ್‌ಎಸ್‌ಎಚ್ ಬರೆದು ಹಂಚಿದರು. ಅದಕ್ಕೆ ಸಿಕ್ಕಿದ್ದು ಎಫ್‌ಟಿಪಿಯ 21, ಟೆಲ್‌ನೆಟ್‌ನ 23ರ ನಡುವಿನ 22ನೇ ಪೋರ್ಟ್.

ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಬದಲು ಜೋಡಿ ಕೀಲಿಯನ್ನೂ ಬಳಸಬಹುದು. ಸಾರ್ವಜನಿಕ ಕೀಲಿ ದೂರದ ಸರ್ವರ್‌ನಲ್ಲಿರುತ್ತದೆ. ಖಾಸಗಿ ಕೀಲಿ ತನ್ನ ಯಂತ್ರ ಬಿಟ್ಟು ಕದಲುವುದಿಲ್ಲ. ಹಾಗಾಗಿ ನಡುರಾತ್ರಿ ಕ್ರಾನ್ ಎಬ್ಬಿಸಿದ ಸ್ಕ್ರಿಪ್ಟ್ ಯಾರ ನೆರವೂ ಇಲ್ಲದೆ ಲಾಗ್ ಫೈಲುಗಳನ್ನು ತಂದಿಡುತ್ತದೆ. ಆದರೆ ಆ ಹೊತ್ತಿನಲ್ಲಿ ಟೈಪಿಸಲು ಯಾರೂ ಇರದ ಕಾರಣ ಇಂಥ ಕೀಲಿಗೆ ಸಾಮಾನ್ಯವಾಗಿ ಪಾಸ್‌ಫ್ರೇಸ್ ಇರುವುದಿಲ್ಲ. ಫೈಲು ಕದ್ದವನೇ ಒಡೆಯ. ಅದಕ್ಕೇ ಜಾಣರು ಆ ಕೀಲಿಗೆ ಲಾಗ್ ಓದುವುದೊಂದೇ ಕೆಲಸವೆಂದು ಸರ್ವರ್‌ನಲ್ಲೇ ಕಟ್ಟುಹಾಕುತ್ತಾರೆ. ತಂತಿಯಲ್ಲಿ ಕಾಯುತ್ತಿದ್ದ ಕಳ್ಳ ಈಗ ಡಿಸ್ಕಿನ ಬಳಿ ಕಾಯುತ್ತಾನೆ.