ಪಂಚರತ್ನಂ ಅವರ ಪ್ರಬಂಧವೂ ಆಕರಾನ್ವೇಷಣೆಯ ತೊಡಕೂ

ಆಕರಗಳನ್ನು ಹುಡುಕುವ ಕಾರ್ಯವನ್ನು ಬರಿಯ ಗುಮಾಸ್ತಿಕೆಯೆಂದೆಣಿಸುವವರು ಭೌತವಿಜ್ಞಾನಿಗಳಲ್ಲಿ ಇಂದಿಗೂ ಉಂಟು. 1898ರಲ್ಲಿ ಲಂಡನ್ನಿನಿಂದ ‘ಸೈನ್ಸ್ ಆಬ್‌ಸ್ಟ್ರ್ಯಾಕ್ಟ್ಸ್’ ಹೊರಡತೊಡಗಿದಂದಿನಿಂದ ಸಾರಸಂಗ್ರಹಗಳೂ ಸೂಚಿಗಳೂ ಬೆಳೆಯುತ್ತಲೇ ಬಂದಿವೆ. ವಿಷಯದ ಹೆಸರು ತಿಳಿದವನಿಗೆ ಪ್ರಬಂಧ ತಾನಾಗಿಯೇ ದೊರೆಯುವುದೆಂಬ ನಂಬಿಕೆ ಬೇರೂರಿದೆ. ಆದರೆ ವಿಷಯಕ್ಕೆ ಹೆಸರೇ ಹುಟ್ಟಿರದಿದ್ದರೆ ಹುಡುಕುವವನು ಏನೆಂದು ಹುಡುಕಬೇಕು? ದ್ಯುತಿವಿಜ್ಞಾನದ ಚರಿತ್ರೆಯಲ್ಲಿ ಇದಕ್ಕೆ ಬೆಂಗಳೂರೇ ಒಂದು ನಿದರ್ಶನವನ್ನು ಒದಗಿಸಿದೆ.

ರಾಮನ್ ಸಂಶೋಧನ ಸಂಸ್ಥೆಯಲ್ಲಿ ಎಸ್. ಪಂಚರತ್ನಂ ಎಂಬ ತರುಣರು ಬೆಳಕನ್ನು ಹೀರುವ ಹರಳುಗಳಲ್ಲಿ ಕಾಣುವ ವ್ಯತಿಕರಣ ಚಿತ್ರಗಳನ್ನು ಅಭ್ಯಸಿಸುತ್ತಿದ್ದರು. ಧ್ರುವೀಕರಣದಲ್ಲಿ ಭಿನ್ನವಾದ ಎರಡು ಕಿರಣಗಳು ಸಮಪ್ರಾವಸ್ಥೆಯಲ್ಲಿವೆಯೆಂದು ಯಾವಾಗ ಹೇಳಬೇಕು? ಅವು ಕೂಡಿದಾಗ ಬೆಳಕಿನ ತೀವ್ರತೆ ಅತ್ಯಧಿಕವಾಗಿದ್ದರೆ, ಎಂಬುದು ಅವರ ಉತ್ತರ. ಇದರಿಂದ ಹೊರಟ ಫಲ ವಿಚಿತ್ರವಾದುದು. ಮೊದಲನೆಯದು ಎರಡನೆಯದರೊಡನೆಯೂ ಎರಡನೆಯದು ಮೂರನೆಯದರೊಡನೆಯೂ ಸಮಪ್ರಾವಸ್ಥೆಯಲ್ಲಿದ್ದ ಮಾತ್ರಕ್ಕೆ ಮೂರನೆಯದು ಮೊದಲನೆಯದರೊಡನೆ ಹಾಗಿರಬೇಕಾಗಿಲ್ಲ. ಧ್ರುವೀಕರಣದ ಒಂದೊಂದು ಸ್ಥಿತಿಯನ್ನೂ ಒಂದೊಂದು ಬಿಂದುವಾಗಿ ತೋರಿಸುವ ಪ್ವಾಂಕಾರೆ ಗೋಳದ ಮೇಲೆ ಆ ಮೂರು ಬಿಂದುಗಳು ರಚಿಸುವ ತ್ರಿಕೋನದ ಘನಕೋನದಲ್ಲಿ ಅರ್ಧದಷ್ಟು ವ್ಯತ್ಯಾಸ ಉಳಿಯುತ್ತದೆ. ಇದು 1956ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ‘ಪ್ರೊಸೀಡಿಂಗ್ಸ್’ನ 44ನೆಯ ಸಂಪುಟದಲ್ಲಿ, ವ್ಯತಿಕರಣದ ಸಾಮಾನ್ಯೀಕೃತ ಸಿದ್ಧಾಂತವೆಂಬ ಅರ್ಥದ ಶೀರ್ಷಿಕೆಯಡಿ ಅಚ್ಚಾಯಿತು.

1984ರಲ್ಲಿ ಬ್ರಿಸ್ಟಲ್ಲಿನ ಮೈಕೇಲ್ ಬೆರ್ರಿ ಅವರು ಕ್ವಾಂಟಂ ವ್ಯವಸ್ಥೆಯೊಂದನ್ನು ನಿಧಾನವಾಗಿ ಒಂದು ಸುತ್ತು ನಡೆಸಿ ಮೂಲಸ್ಥಿತಿಗೆ ತಂದಾಗ, ನಡೆದ ಹಾದಿಯ ಆಕಾರವನ್ನೇ ಅವಲಂಬಿಸಿದ ಪ್ರಾವಸ್ಥೆಯೊಂದು ಉಳಿಯುವುದೆಂದು ತೋರಿಸಿದರು. ಅರ್ಧ ಸ್ಪಿನ್ನಿನ ಕಣಕ್ಕೆ ಅದರ ಪರಿಮಾಣ ಘನಕೋನದ ಅರ್ಧ! ಎರಡರ ಸಾದೃಶ್ಯವನ್ನು 1986ರ ‘ಕರೆಂಟ್ ಸೈನ್ಸ್’ನಲ್ಲಿ ಎತ್ತಿ ತೋರಿದವರು ಬೆಂಗಳೂರಿನವರೇ ಆದ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ. ಮರುವರ್ಷ ಬೆರ್ರಿ ಅವರು ಪಂಚರತ್ನಂ ಅವರ ಆದ್ಯತೆಯನ್ನು ವಿಶದವಾಗಿ ವಿವರಿಸಿ ಬರೆದರು. ಪಂಚರತ್ನಂ ಅವರಾದರೋ 1969ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ಆಕ್ಸ್‌ಫರ್ಡಿನಲ್ಲಿ ತೀರಿಕೊಂಡಿದ್ದರು.

ಭಾರತದ ಪತ್ರಿಕೆಯಲ್ಲಿ ಅಚ್ಚಾದುದೇ ಈ ಅಲಕ್ಷ್ಯಕ್ಕೆ ಕಾರಣವೆಂಬ ಮಾತನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಅವರ ಕೃತಿಸಮಗ್ರ 1975ರಲ್ಲಿಯೇ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ಹೊರಬಿದ್ದಿತ್ತು. ಪುಸ್ತಕ ಕೈಗೆಟುಕುವಂತಿದ್ದರೂ ಕ್ವಾಂಟಂ ಸಿದ್ಧಾಂತಿಗೆ ಸ್ಫಟಿಕಗಳ ವ್ಯತಿಕರಣವನ್ನು ತೆರೆದು ನೋಡಲು ನಿಮಿತ್ತವೇ ಇರಲಿಲ್ಲ. 1964ರಿಂದ ಬಳಕೆಗೆ ಬಂದ ಉಲ್ಲೇಖಸೂಚಿಯೂ ಇಲ್ಲಿ ನೆರವಾಗದು. ಒಬ್ಬರು ಇನ್ನೊಬ್ಬರನ್ನು ಉಲ್ಲೇಖಿಸಿದ್ದರಷ್ಟೆ ಅದು ದಾರಿ ತೋರೀತು. ಕೊನೆಗೆ ನೆರವಾದುದು ಎರಡೂ ಬರಹಗಳನ್ನು ಬಲ್ಲವರ ಓದು.

ಆ ಸಂಪುಟದ ಪುಟಗಳು ಈಗ ಅಕಾಡೆಮಿಯ ಜಾಲತಾಣದಲ್ಲಿ ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ. ಜ್ಯಾಮಿತೀಯ ಪ್ರಾವಸ್ಥೆಯೆಂಬ ಇಂದಿನ ಪದವನ್ನು ಅಲ್ಲಿ ಅರಸುವ ವಿದ್ಯಾರ್ಥಿಗೆ ಅದು ಸಿಗದು. ಪ್ವಾಂಕಾರೆ ಗೋಳವನ್ನೂ ಸಂಸಕ್ತ ಕಿರಣಗಳನ್ನೂ ಕುರಿತ ಭಾಗದಿಂದಲೇ ಓದತೊಡಗುವುದು ಲೇಸು.